12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಒಂದೇ ಡಯೋಡ್: ಒಮ್ಮೆ 5.7, ಇನ್ನೊಮ್ಮೆ 18. ಯಾವುದು ಸರಿ?

ತುಮಕೂರು ಡಿಪ್ಲೊಮಾ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ಓದುವ ಮೇಜಿನ ಮೇಲೆ 12 ವೋಲ್ಟಿನ ಎಲ್‌ಇಡಿ ಪಟ್ಟಿ ಹಾಕಿಕೊಳ್ಳಬೇಕೆಂದು ಮನೆಯಲ್ಲಿ ಒಂದು ಅರ್ಧತರಂಗ ರೆಕ್ಟಿಫೈಯರ್ (ಒಂದೇ ಡಯೋಡಿನಿಂದ ಎಸಿಯನ್ನು ಡಿಸಿ ಮಾಡುವ ಸರ್ಕ್ಯೂಟ್) ಕಟ್ಟಿದೆ. 0-12 ವೋಲ್ಟ್, 500 ಮಿಲಿಆಂಪಿಯರಿನ ಟ್ರಾನ್ಸ್‌ಫಾರ್ಮರ್, ಒಂದು 1ಎನ್4007 ಡಯೋಡ್, ಲೋಡ್ ಆಗಿ 1 ಕಿಲೊ ಓಮ್ ರೆಸಿಸ್ಟರ್. ಇಷ್ಟೇ.

12 ವೋಲ್ಟ್ ಬರುತ್ತದೆ, ಡಯೋಡ್ 0.7 ನುಂಗುತ್ತದೆ, 11.3 ಸಿಗಬೇಕು ಎಂದು ಲೆಕ್ಕ ಹಾಕಿದ್ದೆ. ಮೀಟರ್ ಡಿಸಿ ರೇಂಜಿನಲ್ಲಿ ತೋರಿಸಿದ್ದು 5.7. ಡಯೋಡ್ ಕೆಟ್ಟಿರಬಹುದೆಂದು ಬೇರೆಯದನ್ನು ಹಾಕಿದೆ, ಮತ್ತೆ ಅದೇ 5.7. ಆಮೇಲೆ ರೆಸಿಸ್ಟರಿಗೆ ಸಮಾಂತರವಾಗಿ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿದೆ. ಈಗ 18.0! ಅದೇ ಟ್ರಾನ್ಸ್‌ಫಾರ್ಮರ್, ಅದೇ ಡಯೋಡ್. 12 ವೋಲ್ಟಿನಿಂದ 18 ವೋಲ್ಟ್ ಎಲ್ಲಿಂದ ಬಂತು? ಮೀಟರ್ ತಪ್ಪು ತೋರಿಸುತ್ತಿದೆಯೇ? ಎಸಿ ರೇಂಜಿಗೆ ತಿರುಗಿಸಿದರೆ 39 ಎನ್ನುತ್ತದೆ. ಪಟ್ಟಿ ಜೋಡಿಸಲು ಭಯವಾಗಿ ನಿಲ್ಲಿಸಿದ್ದೇನೆ. ಇನ್ನೊಂದು ವಿಷಯ: ಕೆಪಾಸಿಟರ್ ಹಾಕಿದ ಮೇಲೆ ರೆಸಿಸ್ಟರ್ ಮುಟ್ಟಿದರೆ ಬೆರಳಿಗೆ ಚುರ್ ಎನ್ನುತ್ತದೆ. ಮೊದಲು ತಣ್ಣಗಿತ್ತು.

ಹೊಸಬ

ಡಯೋಡ್ ಅರ್ಧ ತರಂಗವನ್ನು ಕತ್ತರಿಸಿಬಿಡುತ್ತದೆ ಅಲ್ಲವೇ? 12ರ ಅರ್ಧ 6. ಅದರಲ್ಲಿ ಸ್ವಲ್ಪ ಡಯೋಡಿಗೆ ಹೋದರೆ 5.7. ಸರಿಯಾಗಿಯೇ ಇದೆ. ಕೆಪಾಸಿಟರ್ ಅದನ್ನು ಹೆಚ್ಚಿಸುತ್ತದೆ.

ಬೆಸುಗೆ

ಹೊಸಬರೇ, ಉತ್ತರ ಹತ್ತಿರ ಬಂದದ್ದು ಕಾಕತಾಳೀಯ, ದಾರಿ ಸರಿಯಿಲ್ಲ. ಕೆಪಾಸಿಟರ್ ತಾನಾಗಿ ವೋಲ್ಟೇಜ್ ಹೆಚ್ಚಿಸುವುದಿಲ್ಲ, ಬಂದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ.

ತಮ್ಮಾ, ಮೊದಲು ಎರಡು ಕೆಲಸ ಮಾಡು. ಕೆಪಾಸಿಟರಿನ ಮೈಮೇಲೆ ಎಷ್ಟು ವೋಲ್ಟ್ ಎಂದು ಬರೆದಿದೆ ನೋಡು. 16 ಎಂದಿದ್ದರೆ ಈಗಲೇ ಸ್ವಿಚ್ ಆರಿಸು. ಎರಡನೆಯದು, ಡಯೋಡ್ ಬಿಚ್ಚಿ, ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ, ಅಂದರೆ ಔಟ್‌ಪುಟ್ ಬದಿಯ, ತಂತಿಗಳ ನಡುವೆ ಎಸಿ ಎಷ್ಟಿದೆ ಎಂದು ಅಳೆದು ಇಲ್ಲಿ ಬರೆ. ಡಬ್ಬಿಯ ಮೇಲೆ 12 ಎಂದು ಬರೆದಿದೆ ಎಂಬ ಮಾತ್ರಕ್ಕೆ 12 ಇರುವುದಿಲ್ಲ.

16 ವೋಲ್ಟಿನ ಮಾತು ಏಕೆ ಎತ್ತಿದೆ ಎಂದರೆ, ನಾನು ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಇದೇ ತಪ್ಪು ಮಾಡಿದ್ದೆ. 12 ವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ 16 ವೋಲ್ಟಿನ ಕೆಪಾಸಿಟರ್ ಸಾಕು, ನಾಲ್ಕು ವೋಲ್ಟ್ ಉಳಿಯುತ್ತದೆ ಎಂದುಕೊಂಡು ಬೆಸೆದೆ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ತಲೆಯ ಮೇಲಿನ ಗೀಟುಗಳು ನಿಧಾನವಾಗಿ ಉಬ್ಬಿದವು, ಬಿಸಿಯ ಘಾಟು ಬಂತು, ಪಟ್ ಎಂದು ಒಡೆದು ಒಳಗಿನ ಕಾಗದದ ಸುರುಳಿ ಮೇಜಿನ ತುಂಬ ಹರಡಿತು. ಮುಖ ಸ್ವಲ್ಪ ಮುಂದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಅಂದಿನಿಂದ 12 ವೋಲ್ಟ್ ಎಸಿಗೆ 25 ವೋಲ್ಟಿಗಿಂತ ಕಡಿಮೆಯ ಕೆಪಾಸಿಟರ್ ನನ್ನ ಕೈಯಿಂದ ಹೋಗಿಲ್ಲ.

ತುಮಕೂರು ಡಿಪ್ಲೊಮಾ

ಅಣ್ಣಾ, ಕೆಪಾಸಿಟರ್ ಮೇಲೆ 25 ಎಂದಿದೆ, ಬದುಕಿದೆ. ಸೆಕೆಂಡರಿ ಅಳೆದೆ: 13.4 ವೋಲ್ಟ್ ಎಸಿ. ಇದೂ 12 ಅಲ್ಲ!

ಲ್ಯಾಬ್ ಬೋಧಕಿ

13.4 ಸಿಕ್ಕಿತಲ್ಲ, ಇನ್ನು ಎಲ್ಲ ಬಿಡಿಸಬಹುದು. ಪಾಲಿಟೆಕ್ನಿಕ್ ಪ್ರಯೋಗಾಲಯದಲ್ಲಿ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಬಂದಾಗಲೆಲ್ಲ ಸಂತೋಷಪಡುತ್ತೇನೆ, ಏಕೆಂದರೆ ಇದನ್ನು ಕೇಳಿದವರಿಗೆ ಮಾತ್ರ ರೆಕ್ಟಿಫೈಯರ್ ನಿಜವಾಗಿ ಅರ್ಥವಾಗುತ್ತದೆ.

ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ 12, ಪೂರ್ತಿ 500 ಮಿಲಿಆಂಪಿಯರ್ ಎಳೆದಾಗ ಸಿಗುವ ವೋಲ್ಟೇಜ್. ಏನೂ ಎಳೆಯದಿದ್ದಾಗ ಸಣ್ಣ ಟ್ರಾನ್ಸ್‌ಫಾರ್ಮರುಗಳು ಶೇಕಡ ಹತ್ತು, ಹದಿನೈದು ಹೆಚ್ಚೇ ತೋರಿಸುತ್ತವೆ. ಒಳಗಿನ ತಂತಿ ತೆಳು, ಅದರ ರೋಧದಲ್ಲಿ ಕಳೆದುಹೋಗುವುದನ್ನು ತಯಾರಕರು ಮೊದಲೇ ಸೇರಿಸಿ ಸುತ್ತಿರುತ್ತಾರೆ.

ಈಗ ಆ 13.4 ಎಂದರೇನು? ಅದು ಆರ್‌ಎಂಎಸ್ ಮೌಲ್ಯ: ಇದೇ ರೆಸಿಸ್ಟರನ್ನು ಇಷ್ಟೇ ಬಿಸಿ ಮಾಡಬಲ್ಲ ಡಿಸಿ ಎಷ್ಟೋ ಅಷ್ಟು. ಅಲೆ ಅಲ್ಲಿಗೆ ನಿಲ್ಲುವುದಿಲ್ಲ. ಸೊನ್ನೆಯಿಂದ ಹೊರಟು 13.4 × 1.414, ಅಂದರೆ 18.95 ವೋಲ್ಟಿನ ತುದಿ ಮುಟ್ಟಿ ಇಳಿಯುತ್ತದೆ. ಸೆಕೆಂಡಿಗೆ 50 ಬಾರಿ ಮೇಲಕ್ಕೆ, 50 ಬಾರಿ ಕೆಳಕ್ಕೆ. ನಿಮ್ಮ 18 ವೋಲ್ಟ್ ಎಲ್ಲಿಂದಲೋ ಬಂದದ್ದಲ್ಲ, ಮೊದಲಿನಿಂದಲೂ ಆ ತಂತಿಯಲ್ಲೇ ಇತ್ತು.

ಡಯೋಡ್ ಅಲೆಯ ಮೇಲ್ಭಾಗದ ಗುಡ್ಡಗಳನ್ನು ಮಾತ್ರ ಬಿಡುತ್ತದೆ. ರೆಸಿಸ್ಟರಿನ ಮೇಲೆ ಒಂದು ಗುಡ್ಡ, ಅಷ್ಟೇ ಅಗಲದ ಖಾಲಿ ಜಾಗ, ಮತ್ತೆ ಗುಡ್ಡ. ಮೀಟರಿನ ಡಿಸಿ ರೇಂಜ್ ಇಷ್ಟು ಬೇಗ ಏರಿಳಿಯುವುದನ್ನು ಹಿಂಬಾಲಿಸಲಾರದು, ಸರಾಸರಿ ತೋರಿಸುತ್ತದೆ. ಗದ್ದೆಯಲ್ಲಿ ಹಲಗೆ ಎಳೆದು ಮಣ್ಣು ಸಮ ಮಾಡುವುದನ್ನು ನೋಡಿದ್ದೀರಲ್ಲ, ಹಾಗೆ: ಗುಡ್ಡದ ಮಣ್ಣನ್ನು ಅದರ ಬುಡದಷ್ಟೇ ಅಗಲಕ್ಕೆ ಹರಡಿದರೆ ಎತ್ತರ ತುದಿಯ 0.637 ಭಾಗ. ಪಕ್ಕದ ಹಳ್ಳವನ್ನೂ ತುಂಬಿಸಬೇಕಾದರೆ ಅದರ ಅರ್ಧ, 0.318. ಪುಸ್ತಕದಲ್ಲಿ ತುದಿಯ ಮೌಲ್ಯವನ್ನು ಪೈಯಿಂದ ಭಾಗಿಸಿ ಎಂದಿರುವುದು ಇದನ್ನೇ.

18.95ನ್ನು 3.14ರಿಂದ ಭಾಗಿಸಿದರೆ 6.03. ಡಯೋಡ್ ಅರ್ಧ ಸಮಯ ಮಾತ್ರ 0.7 ತಿನ್ನುವುದರಿಂದ ಸರಾಸರಿಯಲ್ಲಿ ಕಳೆಯಬೇಕಾದದ್ದು 0.35. ಉಳಿದದ್ದು 5.68. ನಿಮ್ಮ ಮೀಟರ್ 5.7 ಎಂದಿತು. ಸೆಕೆಂಡರಿಯಲ್ಲಿ ನಿಜವಾಗಿಯೂ 12 ಇದ್ದಿದ್ದರೆ 5.05 ಬರುತ್ತಿತ್ತು. ಹೊಸಬರೇ, 12ರ ಅರ್ಧ ಎಂಬ ಲೆಕ್ಕ ಅಲ್ಲಿ ಕೈಕೊಡುತ್ತಿತ್ತು.

ಕೆಪಾಸಿಟರ್ ಸೇರಿದ ಮೇಲೆ ಹಲಗೆ ಎಳೆಯುವವರಿಲ್ಲ. ಅದು ಮೊದಲ ಗುಡ್ಡದ ತುದಿಗೇ ತುಂಬಿಕೊಳ್ಳುತ್ತದೆ: 18.95ರಲ್ಲಿ 0.7 ಕಳೆದರೆ 18.25. ಅಲೆ ಇಳಿಯತೊಡಗಿದರೂ ಡಯೋಡ್ ಹಿಂದಕ್ಕೆ ಹರಿಯಲು ಬಿಡುವುದಿಲ್ಲ. ಮುಂದಿನ ಗುಡ್ಡ ಬರುವವರೆಗೆ ರೆಸಿಸ್ಟರ್ ಒಂದೇ ಅದನ್ನು ಬಸಿಯುತ್ತದೆ.

ರೆಸಿಸ್ಟರ್ ಬಿಸಿಯಾಯಿತು ಎಂದಿರಲ್ಲ, ಈ ಚರ್ಚೆಯಲ್ಲಿ ನನಗೆ ಅತಿ ಇಷ್ಟವಾದ ವಾಕ್ಯ ಅದು. ಮೀಟರನ್ನು ನಂಬದಿದ್ದರೂ ಬೆರಳನ್ನು ನಂಬಬಹುದು. ಮೊದಲು ಅದರಲ್ಲಿ ಉರಿಯುತ್ತಿದ್ದದ್ದು 0.08 ವಾಟ್ ಸುಮಾರು. ಈಗ 18ರ ವರ್ಗವನ್ನು 1000ದಿಂದ ಭಾಗಿಸಿ: 0.32 ವಾಟ್. ನಿಮ್ಮದು ಕಾಲು ವಾಟಿನ ರೆಸಿಸ್ಟರ್ ಆಗಿದ್ದರೆ ಅದರ ಮಿತಿ ದಾಟಿದೆ. ಅರ್ಧ ವಾಟಿನದು ಹಾಕಿ. ಎಲ್‌ಇಡಿ ಪಟ್ಟಿಯನ್ನು ಜೋಡಿಸದೆ ನಿಲ್ಲಿಸಿದ್ದು ಒಳ್ಳೆಯದಾಯಿತು.

ಫುಟ್‌ವಾಲ್ವ್

ನಾನು ಪಂಪ್‌ಸೆಟ್ ಕೆಲಸದವನು, ಅಲೆ ಎಂದರೆ ತಲೆಗೆ ಹತ್ತುವುದಿಲ್ಲ, ನೀರು ಎಂದರೆ ಹತ್ತುತ್ತದೆ. ಬಾವಿಯ ಪೈಪಿನ ತುದಿಯ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದೇ ಡಯೋಡ್. ಮನೆಯ ಮುಂದಿನ ಸಂಪು ಕೆಪಾಸಿಟರ್. ನಲ್ಲಿಯಲ್ಲಿ ನೀರು ಬರುವುದು ಸ್ವಲ್ಪ ಹೊತ್ತು, ಬಂದಾಗ ಕಂಠದವರೆಗೆ ತುಂಬಿಸಿಕೊಂಡು ಉಳಿದ ಹೊತ್ತು ಬಳಸುತ್ತೇವೆ. ಮನೆಯಲ್ಲಿ ಒಬ್ಬರಿದ್ದರೆ ಮಟ್ಟ ಇಳಿದದ್ದೇ ತಿಳಿಯುವುದಿಲ್ಲ. ಮದುವೆಮನೆಯಾದರೆ ಸಂಜೆಗೆ ತಳ ಕಾಣುತ್ತದೆ. ನಾನು ಅರ್ಥ ಮಾಡಿಕೊಂಡದ್ದು ಸರಿಯೇ ಮೇಡಂ?

ಲ್ಯಾಬ್ ಬೋಧಕಿ

ಪೂರ್ತಿ ಸರಿ. ಮುಂದಿನ ವರ್ಷ ತರಗತಿಯಲ್ಲಿ ಇದನ್ನೇ ಹೇಳುತ್ತೇನೆ, ನಿಮ್ಮ ಅನುಮತಿಯಿದ್ದರೆ.

ತುಮಕೂರು ಡಿಪ್ಲೊಮಾ

ಮೇಡಂ, ನಿಮ್ಮ ಉತ್ತರವನ್ನು ನೋಟ್‌ಬುಕ್ಕಿಗೆ ಬರೆದುಕೊಂಡೆ. 5.7 ಮತ್ತು 18 ಎರಡೂ ಅರ್ಥವಾದವು. ಆದರೆ ಎಸಿ ರೇಂಜಿನ 39? ತುದಿಯೇ 18.95 ಆದ ಮೇಲೆ 39 ಎಲ್ಲಿಯೂ ಇರಲು ಸಾಧ್ಯವಿಲ್ಲ ಅಲ್ಲವೇ? ಮತ್ತೆ ಪರೀಕ್ಷೆ ಮಾಡಿದೆ. ಕೆಪಾಸಿಟರ್ ತೆಗೆದು ಎಸಿ ರೇಂಜಿನಲ್ಲಿ ಅಳೆದರೆ 12.6. ಮೀಟರಿನ ಕೆಂಪು, ಕಪ್ಪು ತಂತಿಗಳನ್ನು ಅದಲುಬದಲು ಮಾಡಿದರೆ ಸೊನ್ನೆ! ಮೀಟರ್ ಹಳದಿ ಬಣ್ಣದ ಅಗ್ಗದ ಮಾದರಿ.

ಲ್ಯಾಬ್ ಬೋಧಕಿ

ತಂತಿ ತಿರುಗಿಸಿ ನೋಡಬೇಕೆಂದು ನಿಮಗೆ ಹೊಳೆದದ್ದು ದೊಡ್ಡದು. ಉತ್ತರ ಅಲ್ಲೇ ಇದೆ. ಎಸಿಗೆ ಹಿಂದು ಮುಂದಿಲ್ಲ, ತಂತಿ ತಿರುಗಿಸಿದರೆ ಏನೂ ಬದಲಾಗಬಾರದು. ಬದಲಾಯಿತು ಎಂದರೆ ಮೀಟರಿನ ಒಳಗೂ ಒಂದು ಡಯೋಡ್ ಕುಳಿತಿದೆ. ಅಂಥ ಮೀಟರುಗಳು ಎಸಿ ಅಳೆಯುವುದು ಹೀಗೆ: ನಿಮ್ಮದೇ ಅರ್ಧತರಂಗ ರೆಕ್ಟಿಫೈಯರಿನಿಂದ ಸರಾಸರಿ ತೆಗೆದು, ಅದನ್ನು 2.22ರಿಂದ ಗುಣಿಸಿ ಪರದೆಯ ಮೇಲೆ ಬರೆಯುತ್ತವೆ. ಏಕೆ 2.22? ಅರ್ಧತರಂಗದ ಸರಾಸರಿ ಆರ್‌ಎಂಎಸ್‌ನ 0.45 ಭಾಗ. 1ನ್ನು 0.45ರಿಂದ ಭಾಗಿಸಿ ನೋಡಿ.

ಮನೆಯ ಎಸಿಗೆ ಈ ಲೆಕ್ಕ ಸರಿಹೋಗುತ್ತದೆ. ಆದರೆ ನೀವು ಕೊಟ್ಟದ್ದು ನಿಂತ 18 ವೋಲ್ಟ್ ಡಿಸಿ. ಪಾಪ, ಮೀಟರಿಗೆ ಅದು ಗೊತ್ತಿಲ್ಲ. 18ನ್ನು 2.22ರಿಂದ ಗುಣಿಸಿದರೆ 40ರ ಹತ್ತಿರ, ಅದರ ಡಯೋಡಿನ ಪಾಲು ಕಳೆದು 39. ಕೆಪಾಸಿಟರ್ ಇಲ್ಲದಾಗ 5.7 × 2.22 = 12.6. ತಂತಿ ತಿರುಗಿಸಿದರೆ ಒಳಗಿನ ಡಯೋಡ್ ತಡೆದು ಸೊನ್ನೆ. ಉತ್ತಮ ಮೀಟರುಗಳಲ್ಲಿ ಎಸಿ ರೇಂಜಿನ ದಾರಿಯಲ್ಲಿ ಒಂದು ಕೆಪಾಸಿಟರ್ ಇದ್ದು ಡಿಸಿಯನ್ನು ಹೊರಗೇ ನಿಲ್ಲಿಸುತ್ತದೆ. ಅಲ್ಲಿ ನಿಮಗೆ ಏರಿಳಿತವಷ್ಟೇ ಕಾಣುತ್ತಿತ್ತು.

ಇಂಥ ಮೀಟರಿನಿಂದ ರೆಕ್ಟಿಫೈಯರಿನ ಔಟ್‌ಪುಟ್ಟನ್ನು ಎಸಿ ರೇಂಜಿನಲ್ಲಿ ಅಳೆದು ರೆಕಾರ್ಡಿನಲ್ಲಿ ಬರೆಯಬೇಡಿ. ಎಷ್ಟೋ ಮಕ್ಕಳು ಅದನ್ನು ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಎಂದು ಬರೆದು ತರುತ್ತಾರೆ.

ಸೈಕಲ್ ಸವಾರ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸೈಕಲ್ಲಿನ 6 ವೋಲ್ಟ್, 3 ವಾಟ್ ಡೈನಮೊಗೆ ನಾಲ್ಕು 1ಎನ್4007 ಹಾಕಿ ಬ್ರಿಜ್ (ಅಲೆಯ ಎರಡೂ ಅರ್ಧಗಳನ್ನು ಬಳಸುವ ರೆಕ್ಟಿಫೈಯರ್) ಕಟ್ಟಿದ್ದೆ. ನಿಧಾನವಾಗಿ ತುಳಿದರೆ ಎಲ್‌ಇಡಿ ಹತ್ತುವುದೇ ಇಲ್ಲ. ಡಯೋಡ್ 0.7 ತಿನ್ನುತ್ತದೆ ಎಂದು ಗೊತ್ತು, ಅಷ್ಟಕ್ಕೇ ಹೀಗಾಗುತ್ತದೆಯೇ?

ಬೆಸುಗೆ

ಆಗುತ್ತದೆ. ಬ್ರಿಜ್‌ನಲ್ಲಿ ಕರೆಂಟ್ ಯಾವಾಗಲೂ ಎರಡು ಡಯೋಡ್ ದಾಟಿ ಹೋಗಬೇಕು, 1.4 ಹೋಯಿತು. 230 ವೋಲ್ಟಿನಲ್ಲಿ ಅದು ಲೆಕ್ಕಕ್ಕಿಲ್ಲ, ನಿಧಾನದ ಡೈನಮೊ ಕೊಡುವ ಎರಡು, ಮೂರು ವೋಲ್ಟಿನಲ್ಲಿ ಅರ್ಧ ಗಂಟಲೇ ಕಟ್ಟಿದಂತೆ. 1ಎನ್5819 ಶಾಟ್ಕಿ ಡಯೋಡ್ ಹಾಕಿ. 40 ವೋಲ್ಟ್, 1 ಆಂಪಿಯರ್ ತಡೆಯುತ್ತದೆ, ತಾನು ತಿನ್ನುವುದು 0.3, 0.4 ಅಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ.

ಆ 0.7 ಕೂಡ ಕಲ್ಲಿನ ಮೇಲೆ ಕೆತ್ತಿದ ಅಂಕಿಯಲ್ಲ. ಮೀಟರಿನ ಡಯೋಡ್ ಗುರುತಿಗೆ ತಿರುಗಿಸಿ 1ಎನ್4007 ಹಿಡಿದರೆ 0.55, 0.6 ತೋರಿಸುತ್ತದೆ, ಏಕೆಂದರೆ ಮೀಟರ್ ಹರಿಸುವುದು ಒಂದು ಮಿಲಿಆಂಪಿಯರಿನಷ್ಟು. ಪೂರ್ತಿ 1 ಆಂಪಿಯರ್ ಹರಿದರೆ 0.9ಕ್ಕೆ ಏರುತ್ತದೆ. ತಯಾರಕರು ಕೊಡುವ ಗರಿಷ್ಠ ಮಿತಿ 1.1.

ತುಮಕೂರು ಡಿಪ್ಲೊಮಾ

ಹೊಸ ಅಳತೆಗಳು. ನನ್ನ ಎಲ್‌ಇಡಿ ಪಟ್ಟಿ ಸುಮಾರು 150 ಮಿಲಿಆಂಪಿಯರ್ ಎಳೆಯುತ್ತದೆ. ಅದನ್ನು ಸುಡಬಾರದೆಂದು ಅದರ ಬದಲು 100 ಓಮ್, 5 ವಾಟಿನ ರೆಸಿಸ್ಟರ್ ಹಾಕಿದೆ. 18.0 ಇದ್ದದ್ದು 14.3ಕ್ಕೆ ಬಿತ್ತು. ಟ್ರಾನ್ಸ್‌ಫಾರ್ಮರ್ ಸಣ್ಣಗೆ ಗುಂಯ್ ಎನ್ನುತ್ತಿದೆ, ಬೆಚ್ಚಗೂ ಆಗಿದೆ. 500 ಮಿಲಿಆಂಪಿಯರಿನದು 143ಕ್ಕೇ ಬೆಚ್ಚಗಾಗಬೇಕೇ?

ಬೆಸುಗೆ

ಮದುವೆಮನೆ ಬಂತು ನೋಡು. ಎರಡು ಗುಡ್ಡಗಳ ನಡುವೆ 20 ಮಿಲಿಸೆಕೆಂಡ್ ಅಂತರ. ಅಷ್ಟು ಹೊತ್ತು 143 ಮಿಲಿಆಂಪಿಯರ್ ಬಸಿದರೆ 1000 ಮೈಕ್ರೊಫ್ಯಾರಡ್ ಎಷ್ಟು ಇಳಿಯುತ್ತದೆ? ಕರೆಂಟನ್ನು 50ರಿಂದ ಭಾಗಿಸಿ, ಮತ್ತೆ ಫ್ಯಾರಡ್‌ಗಳಿಂದ ಭಾಗಿಸು: 2.9 ವೋಲ್ಟ್. ಮರುತುಂಬುವ ಹೊತ್ತು ಕಳೆದರೆ ನಿಜದಲ್ಲಿ ಎರಡೂವರೆ ಸುಮಾರು. ಮೀಟರ್ ತೋರಿಸಿದ 14.3 ಆ ಏರಿಳಿತದ ನಡುಮಟ್ಟ.

ಉಳಿದ ಕುಸಿತ ಟ್ರಾನ್ಸ್‌ಫಾರ್ಮರಿನ ತಂತಿಯಲ್ಲಿ. ಸಂಪು ತುಂಬುವುದು ತುದಿಯ ಹತ್ತಿರದ ಎರಡು, ಮೂರು ಮಿಲಿಸೆಕೆಂಡಿನಲ್ಲಿ ಮಾತ್ರ. ಇಡೀ 20 ಮಿಲಿಸೆಕೆಂಡಿನ ಖರ್ಚು ಅಷ್ಟರಲ್ಲೇ ಬರಬೇಕು, ಹಾಗಾಗಿ ಆ ಕ್ಷಣದ ಕರೆಂಟ್ 1 ಆಂಪಿಯರ್ ಮುಟ್ಟಿದರೂ ಆಶ್ಚರ್ಯವಿಲ್ಲ. ಬಿಸಿ ಕರೆಂಟಿನ ವರ್ಗಕ್ಕೆ ಹೋಗುತ್ತದೆ. ಜೊತೆಗೆ ಅರ್ಧತರಂಗದಲ್ಲಿ ಕರೆಂಟ್ ಯಾವಾಗಲೂ ಒಂದೇ ದಿಕ್ಕಿಗೆ ಹರಿಯುವುದರಿಂದ ಟ್ರಾನ್ಸ್‌ಫಾರ್ಮರಿನ ಒಳಗಿನ ಕಬ್ಬಿಣದ ಪಟ್ಟಿಗಳು ಒಂದೇ ಕಡೆಗೆ ಕಾಂತವಾಗುತ್ತವೆ. ಆ ಗುಂಯ್ ಸದ್ದು ಅದರದ್ದು. ಇನ್ನು ಮೂರು ಡಯೋಡ್ ತಂದು ಬ್ರಿಜ್ ಮಾಡು. ಬ್ರಿಜ್ ಇದ್ದರೂ ಈ ಟ್ರಾನ್ಸ್‌ಫಾರ್ಮರಿನಿಂದ ಡಿಸಿಯಾಗಿ 300 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯಬೇಡ.

ಲ್ಯಾಬ್ ಬೋಧಕಿ

ಕಟ್ಟುವ ಮೊದಲು ಲೆಕ್ಕ ಹಾಕಿ ಬರೆಯಿರಿ, ಆಮೇಲೆ ಅಳೆಯಿರಿ. 1 ಕಿಲೊ ಓಮ್ ಲೋಡ್, ಕೆಪಾಸಿಟರ್ ಇಲ್ಲದೆ ಎಷ್ಟು? ಇದ್ದರೆ ಎಷ್ಟು?

ತುಮಕೂರು ಡಿಪ್ಲೊಮಾ

ಕೆಪಾಸಿಟರ್ ಇಲ್ಲದೆ: 6.03ರ ಎರಡರಷ್ಟು 12.06, ಅದರಲ್ಲಿ ಎರಡು ಡಯೋಡಿನ 1.4 ಕಳೆದು 10.66. ಕೆಪಾಸಿಟರ್ ಇದ್ದರೆ: 18.95ರಲ್ಲಿ 1.4 ಕಳೆದು 17.55.

ಸಂಜೆ ಅಳೆದೆ. 10.8 ಮತ್ತು 17.4! ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ವಿಚಿತ್ರವೆಂದರೆ 1 ಕಿಲೊ ಓಮ್‌ನಲ್ಲಿ ಒಂದೇ ಡಯೋಡ್ ಇದ್ದಾಗ 18.0, ಬ್ರಿಜ್‌ನಲ್ಲಿ 17.4, ಅಂದರೆ ಕಡಿಮೆ. ಆದರೆ 100 ಓಮ್ ಹಾಕಿದಾಗ 15.4, ಅಂದರೆ ಹೆಚ್ಚು. ಸಂಪಿಗೆ ದಿನಕ್ಕೆ ಎರಡು ಬಾರಿ ನೀರು ಬಂದಂತೆ ಎಂದು ಅರ್ಥ ಮಾಡಿಕೊಂಡೆ. ಟ್ರಾನ್ಸ್‌ಫಾರ್ಮರಿನ ಗುಂಯ್ ಸದ್ದೂ ನಿಂತಿತು. ಇನ್ನು ಇದರ ಮುಂದೆ 7812 (12 ವೋಲ್ಟಿಗೆ ಸ್ಥಿರಗೊಳಿಸುವ ರೆಗ್ಯುಲೇಟರ್ ಐಸಿ) ಹಾಕಿದರೆ ಪಟ್ಟಿಗೆ ಸರಿಯಾಗಿ 12 ಸಿಗುತ್ತದೆ ಅಲ್ಲವೇ?

ಫುಟ್‌ವಾಲ್ವ್

ನಿಮ್ಮ ಕಡೆ ಸಂಜೆ ಪಂಪ್‌ಸೆಟ್‌ಗಳು ಓಡುವಾಗ ಮನೆಗೆ 230 ಬರುತ್ತದೆಯೇ? ನಮ್ಮ ಊರಿನಲ್ಲಿ ಫ್ಯಾನ್ ತಿರುಗುವುದನ್ನು ನೋಡಿಯೇ ಹೇಳಬಹುದು.

ಬೆಸುಗೆ

ಇವರು ಕೇಳಿದ್ದು ಸರಿಯಾದ ಪ್ರಶ್ನೆ. 7812ಕ್ಕೆ 14.5ರಷ್ಟಾದರೂ ಒಳಗೆ ಬರಬೇಕು, ಅದೂ ಏರಿಳಿತದ ತಳದಲ್ಲಿ. ನಿನ್ನ 15.4 ನಡುಮಟ್ಟ, ತಳ 14.8 ಇರಬಹುದು. ಇದು ಮನೆಯ ವೋಲ್ಟೇಜ್ ಚೆನ್ನಾಗಿದ್ದಾಗಿನ ಮಾತು. ಅದು 195ಕ್ಕೆ ಇಳಿದರೆ ತುದಿಯೇ 13ಕ್ಕೆ ಬರುತ್ತದೆ. ಆಗ ಕೆಪಾಸಿಟರ್ 1000 ಇರಲಿ, 10000 ಇರಲಿ, ಉಪಯೋಗವಿಲ್ಲ. ನಲ್ಲಿಯ ನೀರೇ ಆ ಎತ್ತರಕ್ಕೆ ಏರದಿದ್ದರೆ ಸಂಪು ದೊಡ್ಡದು ಮಾಡಿ ಏನು ಬಂತು?

0-15 ವೋಲ್ಟಿನ ಟ್ರಾನ್ಸ್‌ಫಾರ್ಮರ್ ತೆಗೆದುಕೋ. ಅದರಲ್ಲಿ ತುದಿ 22, 23ರವರೆಗೆ ಹೋಗುತ್ತದೆ, ಆದ್ದರಿಂದ 25 ವೋಲ್ಟಿನ ಕೆಪಾಸಿಟರ್ ಬೇಡ, 35 ವೋಲ್ಟಿನದು ಹಾಕು. 7812ಕ್ಕೆ ಒಂದು ಸಣ್ಣ ಅಲ್ಯುಮಿನಿಯಂ ರೆಕ್ಕೆ ಕಟ್ಟು, ಒಂದೂವರೆ ವಾಟ್ ಸುಡುತ್ತದೆ. ಪ್ರೈಮರಿಯಲ್ಲಿ, ಅಂದರೆ 230 ವೋಲ್ಟ್ ಬರುವ ಬದಿಯಲ್ಲಿ, ಫ್ಯೂಸ್ ಹಾಕದೆ ಪೆಟ್ಟಿಗೆ ಮುಚ್ಚಬೇಡ.

ಕೆಟ್ಟ ಮೊಬೈಲ್ ಚಾರ್ಜರ್ ಮನೆಯಲ್ಲಿದ್ದರೆ, ಗೋಡೆಯಿಂದ ಕಿತ್ತು ಒಂದು ದಿನ ಬಿಟ್ಟು ಬಿಚ್ಚಿ ನೋಡು. ಒಳಗಿನ ದೊಡ್ಡ ಕೆಪಾಸಿಟರ್ ಮೇಲೆ 400 ವೋಲ್ಟ್ ಎಂದಿರುತ್ತದೆ. ಗೋಡೆಯಲ್ಲಿ ಬರುವುದು 230. ಆ 400 ಏಕೆ ಎಂದು ಈಗ ನೀನೇ ಹೇಳಬಲ್ಲೆ.

ತುಮಕೂರು ಡಿಪ್ಲೊಮಾ

230 × 1.414 = 325. ವೋಲ್ಟೇಜ್ ಏರಿದರೂ ಇರಲಿ ಎಂದು 400.

15 ವೋಲ್ಟಿನ ಟ್ರಾನ್ಸ್‌ಫಾರ್ಮರ್, 35 ವೋಲ್ಟಿನ 1000 ಮೈಕ್ರೊಫ್ಯಾರಡ್, ಫ್ಯೂಸ್ ಎಲ್ಲ ಹಾಕಿ ನಿನ್ನೆ ಮುಗಿಸಿದೆ. ರಾತ್ರಿ ಎಂಟು ಗಂಟೆಗೆ ಟಿವಿಯ ಸ್ಟೆಬಿಲೈಜರಿನ ಮುಳ್ಳು 195ರಲ್ಲಿತ್ತು. 7812ಕ್ಕೆ ಮೊದಲು 16.6, ನಂತರ 12.02. ಎಲ್‌ಇಡಿ ಪಟ್ಟಿ ಹತ್ತುತ್ತಿದೆ, ಫ್ಯಾನ್ ನಿಧಾನವಾದಾಗಲೂ ಮಿಣುಕಲಿಲ್ಲ. ಅದರ ಬೆಳಕಿನಲ್ಲೇ ಇದನ್ನು ಬರೆಯುತ್ತಿದ್ದೇನೆ.